ಕೈ ಹಿಂದಕ್ಕೆಳೆದುಕೊಂಡ ಡಾಕ್ಟರು

ಹೊಗಳುವುದು ನನ್ನ ಕಸುಬಿನ ಭಾಗ. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟವನು 'ಇಂಥಾ ಸೆರಗು ನಾ ಹುಟ್ಟಿದಾಗಿಂದ ನೋಡಿಲ್ರಿ' ಎಂದು ದಿನವೂ ಹೇಳುತ್ತಾನೆ. ಅದೇ ಸೆರಗನ್ನು ನಿನ್ನೆ ಇನ್ನೊಬ್ಬರ ಮುಂದೆ ಬಿಚ್ಚಿ ಮಡಚಿರುತ್ತಾನೆ. ಹೀಗಾಗಿ ನಾನು ಯಾರನ್ನಾದರೂ ಮನಸಾರೆ ಹೊಗಳಿದರೆ ನನ್ನ ಹೆಂಡತಿಯೇ "ಏನ ಮಾರಾಕ ಹೊಂಟೀರಿ?" ಎಂದು ಕೇಳುತ್ತಾಳೆ. ಡಾಕ್ಟರ್ ಸುನಿತಾಳ ವಿಷಯದಲ್ಲಿ ನನಗೆ ಮಾರುವುದು ಏನೂ ಇಲ್ಲ. ಅವಳು ಸೀರೆ ಉಡುವುದೇ ಅಪರೂಪ. ಉಟ್ಟರೂ ನಮ್ಮ ಅಂಗಡಿಯದನ್ನು ಉಡುವುದಿಲ್ಲ. ಅವಳಪ್ಪ ನೇಯ್ದದ್ದೇ ಮನೆಯಲ್ಲಿ ಪೆಟ್ಟಿಗೆ ತುಂಬ ಇದೆ.

ಅವಳಪ್ಪ ರಾಮಲಿಂಗಪ್ಪ ನಮ್ಮ ಓಣಿಯ ನೇಕಾರ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಹಳೆಯ ಕೈಮಗ್ಗವನ್ನು ಇಂದಿಗೂ ಬಿಟ್ಟಿಲ್ಲ. ಪಕ್ಕದ ಮನೆಗಳಲ್ಲೆಲ್ಲ ಪವರ್‌ಲೂಮ್ ಗಡಗಡ ಎನ್ನುವಾಗ ಇವನ ಮನೆಯಿಂದ ಮಾತ್ರ ಟಕ್, ಟಕ್ ಎಂಬ ಸಾವಕಾಶದ ಸಪ್ಪಳ ಬರುತ್ತದೆ. "ಅವರದು ಓಡೂ ಮಗ್ಗ, ನನ್ನದು ನಡಿಯೂ ಮಗ್ಗ" ಎನ್ನುತ್ತಾನೆ. ಇಬ್ಬರ ಸೀರೆಯನ್ನೂ ಕೊಳ್ಳುವವನು ನಾನೇ ಆದ್ದರಿಂದ ಈ ವಾದದಲ್ಲಿ ನಾನು ಬಾಯಿ ಹಾಕುವುದಿಲ್ಲ.

ಇಳಕಲ್ ಸೀರೆಯ ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಮಗ್ಗದ ಮೇಲೆಯೇ ಕೂಡಿಸಬೇಕು. ಅದಕ್ಕೆ ತೆಳ್ಳನೆಯ ಬೆರಳು ಬೇಕು, ತಾಳ್ಮೆಯೂ ಬೇಕು. ಸುನಿತಾ ಸಾಲೆಯಿಂದ ಬಂದವಳೇ ಪಾಟಿಚೀಲ ಮೂಲೆಗೆ ಒಗೆದು ಈ ಕೆಲಸಕ್ಕೆ ಕೂಡುತ್ತಿದ್ದಳು. ಆದರೆ ಓಣಿಯಲ್ಲಿ ಅವಳಿಗೆ ಹೆಸರು ಬಂದದ್ದು ಕೊಂಡಿಯಿಂದ ಅಲ್ಲ. ನೇಯುತ್ತಿರುವಾಗ ಬಿಗಿಯಾಗಿ ಎಳೆದಿಟ್ಟ ಹಾಸಿನಲ್ಲಿ ಒಂದು ಎಳೆ ಹರಿಯಿತೆಂದರೆ ಅದರ ತುದಿ ಚಿಮ್ಮಿ ಹಿಂದಕ್ಕೆ ಹೋಗುತ್ತದೆ, ಸಾವಿರಾರು ಎಳೆಗಳ ನಡುವೆ ಅಡಗಿಬಿಡುತ್ತದೆ. ಆಮೇಲೆ ಅದನ್ನು ಹುಡುಕುವುದು ತಲೆನೋವು. ಅಡಗುವ ಮೊದಲೇ ಎರಡು ಬೆರಳಲ್ಲಿ ಹಿಡಿದುಬಿಡಬೇಕು. ಈ ಹುಡುಗಿ ಹಿಡಿಯುತ್ತಿದ್ದಳು. ಬೇರೆ ಕಡೆ ನೋಡುತ್ತ ಯಾರ ಜೊತೆಗೋ ಜಗಳಾಡುತ್ತಿದ್ದರೂ ಕೈ ಮಾತ್ರ ಹೋಗಿ ಹಿಡಿದಿರುತ್ತಿತ್ತು.

"ಹಲ್ಲಿ ನೊಣಾ ಹಿಡ್ದಂಗ ಹಿಡೀತಾಳ ನೋಡ್ರಿ ಸಾವಕಾರ್ರ" ಎಂದು ರಾಮಲಿಂಗಪ್ಪ ಬೀಗುತ್ತಿದ್ದ.

"ಅಪ್ಪಾ, ಹಲ್ಲಿ ಅನಬ್ಯಾಡ" ಎಂದು ಅವಳು ಸಿಡುಕುತ್ತಿದ್ದಳು.

ಆಕೆ ಓದಿ ಡಾಕ್ಟರಾದಳು, ಮೇಲೆ ಕಣ್ಣಿನ ಓದು ಓದಿದಳು, ಅದರ ಮೇಲೆ ಮೆಳ್ಳಗಣ್ಣು ನೆಟ್ಟಗೆ ಮಾಡುವ ಓದನ್ನು ಎಲ್ಲೋ ದೂರದ ಊರಲ್ಲಿ ಮುಗಿಸಿಕೊಂಡು ಬಾಗಲಕೋಟೆಯ ಒಂದು ದವಾಖಾನೆ ಸೇರಿದಳು. ಸಮಾಜದವರು ಸತ್ಕಾರ ಇಟ್ಟರು. ಭಾಷಣಕ್ಕೆ ನನ್ನನ್ನೇ ನಿಲ್ಲಿಸಿದರು. ನಾನು "ಎಳಿ ಹಿಡಿದ ಕೈ ಇವತ್ತು ಕಣ್ಣು ಹಿಡದೈತಿ! ನೇಕಾರರ ಕೈಯಿಂದನ ಈಕಿ ಡಾಕ್ಟರ್ ಆಗ್ಯಾಳ!" ಎಂದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಊಟದ ಹೊತ್ತಿನಲ್ಲಿ ಅವಳು ತಾಟು ಹಿಡಿದು ನನ್ನ ಪಕ್ಕಕ್ಕೆ ಬಂದಳು.

"ಕಾಕಾ, ಭಾಷಣ ಚಲೋ ಇತ್ತು. ಆದ್ರ ಸುಳ್ಳು."

"ಯಾಕವಾ?"

"ಆ ಕೈ ಸಲುವಾಗಿ ನಾ ಉಂಡಷ್ಟು ಬೈಗಳಾ ಯಾರೂ ಉಂಡಿಲ್ಲ. ನಮ್ಮ ಸರ್ ಅಂತಿದ್ರು, ಕಣ್ಣಿಗಿಂತ ಮೊದ್ಲ ನಿನ್ನ ಕೈ ಹೋಗತೈತಿ ಅಂತ. ಆಪರೇಷನ್ ಕ್ವಾಣ್ಯಾಗ ನನ್ನ ಎರಡೂ ಕೈ ಎದಿಗೆ ಹಚ್ಚಿ ನಿಂದ್ರಿಸಿ, ಬರೇ ನೋಡು ಅಂತಿದ್ರು. ಆ ಕೈ ಕಟ್ಟಿ ಹಾಕೂದ್ರಾಗ ನನ್ನ ಅರ್ಧಾ ಓದು ಹೋತು."

ಓದಿದವರು ವಿನಯಕ್ಕೆ ಏನಾದರೊಂದು ಹೇಳುತ್ತಾರೆ ಎಂದುಕೊಂಡೆ, ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅವಳು ಹೇಳಿದ್ದು ವಿನಯವಲ್ಲ, ಖರೆ ಸಂಗತಿ ಎಂದು ನನಗೆ ತಿಳಿದದ್ದು ಚಂದ್ರವ್ವನಿಂದ.

ಚಂದ್ರವ್ವ ನನಗೆ ಸೀರೆ ನೇಯ್ದು ಕೊಡುವಾಕೆ. ವಯಸ್ಸು ನಲವತ್ತು ದಾಟಿದೆ. ಹುಟ್ಟಿನಿಂದ ಎಡಗಣ್ಣು ಮೂಗಿನ ಕಡೆಗೆ ಹೊರಳಿದೆ. ನಮ್ಮ ಪೇಟೆಯಲ್ಲಿ ಒಂದು ನಂಬಿಕೆ ಇದೆ: ಮೆಳ್ಳಗಣ್ಣಿನವರು ಬೋಣಿ ಮಾಡಿದರೆ ಆ ದಿನ ವ್ಯಾಪಾರ ಜೋರು. ಅವಳಪ್ಪ ಅವಳನ್ನು ಚಿಕ್ಕಂದಿನಲ್ಲೇ ದವಾಖಾನೆಗೆ ಒಯ್ಯಲು ಹೊರಟಿದ್ದ. "ಲಕ್ಷ್ಮಿ ಕಣ್ಣು, ಮುಟ್ಟಬಾರದು" ಎಂದು ಅಂಗಡಿಯವರೆಲ್ಲ ಸೇರಿ ತಡೆದರು. ಅವಳನ್ನು ಬೆಳಿಗ್ಗೆ ಬೆಳಿಗ್ಗೆ ಕರೆದು ಚಹಾ ಕುಡಿಸುವುದಕ್ಕೆ ಪೇಟೆಯಲ್ಲಿ ಪೈಪೋಟಿ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ನನ್ನ ಅಂಗಡಿಯ ಚಹಾ ಉಳಿದವರದ್ದಕ್ಕಿಂತ ಗಟ್ಟಿ ಇರುತ್ತಿತ್ತು.

ಈಗ ಆಕೆ ನೇಕಾರಿಕೆ ಕಲಿಸುವ ಕೇಂದ್ರದಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಒಂದು ದಿನ ಅಂಗಡಿಗೆ ಬಂದವಳೇ, "ಸಾವಕಾರ್ರ, ನಾ ಕಣ್ಣು ನೆಟ್ಟಗ ಮಾಡಿಸ್ಕೊಳ್ಳಾಕಿ" ಎಂದಳು.

"ಈಗ್ಯಾಕ ಬೇಕಾತು ಮಾರಾಯ್ತಿ?"

"ಒಬ್ಬಾಕಿಗೆ ಬೈದ್ರ ಇನ್ನೊಬ್ಬಾಕಿ ಅಳತಾಳ್ರಿ. ಬೈಸ್ಕೊಳ್ಳಾಕಿ ಆರಾಮ ನಗಕೋತ ಕುಂತಿರತಾಳ. ಇಷ್ಟ ವರ್ಷ ಎಲ್ಲಾರ್ನೂ ನೋಡೇನಿ, ನಾ ಅವರನ್ನ ನೋಡಾಕತ್ತೇನಿ ಅಂತ ಒಬ್ಬರಿಗೂ ತಿಳಿದಿಲ್ಲ. ಒಮ್ಮೆ ತಿಳೀಲಿ." ಆಮೇಲೆ ನನ್ನ ಮುಖವನ್ನು (ಅಥವಾ ಬಾಗಿಲನ್ನು) ನೋಡಿ ನಕ್ಕಳು. "ನನ್ನ ಕಣ್ಣು ನೆಟ್ಟಗಾದ್ರ ನಿಮ್ಮ ವ್ಯಾಪಾರ ಸೊಟ್ಟಗಾಗತೈತಿ, ಅದಕ್ಕ ಮೊದ್ಲ ಹೇಳಾಕ ಬಂದೆ."

ಬಾಗಲಕೋಟೆಯಲ್ಲಿ ನನಗೂ ಕೆಲಸವಿತ್ತು. ಅವಳನ್ನೂ ಅವಳ ಗಂಡ ಸೋಮಲಿಂಗನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹುನಗುಂದ ದಾಟಿದೆವು. ಸೋಮಲಿಂಗ ಮೆಲ್ಲಗೆ ಕೇಳಿದ, "ಖರೇನ್ರಿ, ಕಣ್ಣು ಹೊರಗ ತಗದು ತಾಟಿನ್ಯಾಗ ಇಟ್ಟು ಸರಿ ಮಾಡಿ ಮತ್ತ ಕೂಡಸ್ತಾರಂತ?"

ಅದನ್ನೇ ಅವನು ಸುನಿತಾಳ ಮುಂದೆಯೂ ಕೇಳಿದ. ಆಕೆ ನಗಲಿಲ್ಲ. "ಇಲ್ರಿ ಮಾವಾ, ಕಣ್ಣು ಇದ್ದಲ್ಲೇ ಇರತೈತಿ. ಅದನ್ನ ಎಳಿಯೂ ಸ್ನಾಯು ಅದಾವಲ್ಲ, ಅವನ್ನಷ್ಟ ಸಡ್ಲ ಮಾಡೂದು, ಬಿಗಿ ಮಾಡೂದು" ಎಂದಳು. ಒಂದೊಂದು ಕಣ್ಣಿಗೂ ಆರು ಸ್ನಾಯು. ಗೋಲಿಗುಂಡಿನಂಥ ಒಂದು ಕಣ್ಣಿಗೆ ಆರು ಲಗಾಮು! ಇಷ್ಟು ವಯಸ್ಸಾದರೂ ನನಗೆ ಈ ಸಂಗತಿ ಗೊತ್ತಿರಲಿಲ್ಲ. ನಾವು ಗಿರಾಕಿಯನ್ನು ಒಮ್ಮೆ ಮೇಲಿಂದ ಕೆಳಕ್ಕೆ ಅಳೆಯುವಷ್ಟರಲ್ಲಿ ಎರಡೂ ಕಡೆಯ ಹನ್ನೆರಡು ಲಗಾಮು ಕೂಡಿ ಕೆಲಸ ಮಾಡಿರುತ್ತವೆ.

"ಅಕ್ಕಾ, ನನ್ನ ನೋಡು."

"ನಿನ್ನನ್ನ ನೋಡಾಕತ್ತೇನೆವಾ."

"ಬಲಗಣ್ಣು ನೋಡಾಕತ್ತೈತಿ. ಎಡಗಣ್ಣು ಮೂಗು ನೋಡಾಕತ್ತೈತಿ."

"ಸಣ್ಣಾಕಿದ್ದಾಗಿಂದ ಅದಕ್ಕ ಮೂಗಿನ ಮ್ಯಾಲೆ ಪ್ರೀತಿ, ಏನ ಮಾಡ್ಲಿ."

ಸುನಿತಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಕಣ್ಣನ್ನು ಮೂಗಿನ ಕಡೆಗೆ ಎಳೆಯುವ ಸ್ನಾಯು ಇಷ್ಟು ವರ್ಷ ಬಿಗಿಹಿಡಿದು ಗಡುಸಾಗಿದೆ. ಅದನ್ನು ಬಿಡಿಸಿ ಸ್ವಲ್ಪ ಹಿಂದಕ್ಕೆ ಹೊಲಿಯಬೇಕು, ಅದರ ಎದುರಿನ ಹೊರಗಿನ ಸ್ನಾಯುವನ್ನು ಬಿಗಿ ಮಾಡಬೇಕು. ಅಪರೂಪಕ್ಕೆ ಅಂಥ ಸ್ನಾಯು ಕೈ ತಪ್ಪಿ ಒಳಗೆ ಸರಿದುಬಿಡುವುದುಂಟು. ಆಗ ಕಣ್ಣು ಹೊರಗಿನ ಕಡೆಗೆ ಹೊರಳಿ ಅಲ್ಲೇ ನಿಲ್ಲುತ್ತದೆ. ಮುಖ ಮೊದಲಿಗಿಂತ ಕೆಡುತ್ತದೆ, ಒಂದು ಎಳೆ ಎರಡಾಗಿ ಕಾಣಲೂಬಹುದು.

"ಎರಡಾಗಿ ಕಂಡ್ರ ನಾ ಮಗ್ಗಕ್ಕ ಕುಂದ್ರೂದು ಮುಗೀತು" ಎಂದಳು ಚಂದ್ರವ್ವ.

"ಹೌದಕ್ಕಾ. ಅದಕ್ಕ ಮೊದ್ಲ ಹೇಳಾಕತ್ತೇನಿ."

ಸೋಮಲಿಂಗ ಎದ್ದು ನಿಂತಿದ್ದ, ಮನೆಗೆ ಹೊರಡುವವನ ಹಾಗೆ. ಚಂದ್ರವ್ವ ಅವನ ಅಂಗಿ ಹಿಡಿದು ಕೂರಿಸಿದಳು. "ಕುಂದ್ರು. ಆಕಿ ಮುಚ್ಚಿಟ್ಟಿಲ್ಲ, ಅದಕ್ಕ ನಾ ಮಾಡಿಸ್ಕೊತೇನಿ."

ಮುಂದಿನ ವಾರ ಆಪರೇಷನ್. ಸೋಮಲಿಂಗ ಕರೆದನೆಂದು ನಾನೂ ಹೋಗಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತೆ. ಮುಗಿಯುತ್ತದೆ ಎಂದಿದ್ದ ಹೊತ್ತು ಮೀರಿತು. ಒಳಗಿನಿಂದ ಜೋಹರಾ ಎಂಬ ನರ್ಸ್ ಬಂದಳು; ನಮ್ಮ ಇಳಕಲ್ಲಿನ ಹುಡುಗಿಯೇ, ಗುರುತಿನವಳು. ಯಾವುದೋ ಡಬ್ಬಿ ತೆಗೆದುಕೊಂಡು ಒಳಗೆ ಹೋಗುವಾಗ, "ಇನ್ನೂ ಹೊತ್ತಾಗತೈತ್ರಿ" ಎಂದಳಷ್ಟೆ. ಮುಖ ನೋಡಿ ಬೆಲೆ ಹೇಳಿ ಬದುಕಿದವನು ನಾನು. ಒಳಗೆ ಏನೋ ಕೆಟ್ಟಿದೆ ಎಂದು ಆ ಮುಖವೇ ಹೇಳಿತು. ಸೋಮಲಿಂಗನಿಗೆ ಮಾತ್ರ "ಚಹಾ ಕುಡಿಯೂಣ ನಡಿ" ಎಂದೆ. ಅವನು ಬರಲಿಲ್ಲ.

ಒಳಗೆ ನಡೆದದ್ದನ್ನು ಆಮೇಲೆ ಚಂದ್ರವ್ವನೇ ಕೇಳಿ ಕೇಳಿ ಹೊರಗೆ ಹಾಕಿಸಿದಳು. ಜೋಹರಾ ಹೇಳಿದಳು, ಸುನಿತಾ ನಡುನಡುವೆ ತಿದ್ದಿದಳು. ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ಚಂದ್ರವ್ವನಿಗೆ ಪೂರ್ತಿ ಮಂಪರು ಕೊಟ್ಟಿದ್ದರು. ಸುನಿತಾ ಒಳಗಿನ ಸ್ನಾಯುವನ್ನು ಸಣ್ಣ ಕೊಕ್ಕೆಯಲ್ಲಿ ಎತ್ತಿ ಹಿಡಿದಿದ್ದಳು, ಇನ್ನೂ ಹೊಲಿಗೆ ಹಾಕಿರಲಿಲ್ಲ. ಅಷ್ಟರಲ್ಲಿ ಆ ಗಡುಸು ಸ್ನಾಯು ಕೊಕ್ಕೆಯ ಮೇಲೆಯೇ ಎರಡಾಗಿ ಹರಿಯಿತು. ಕಣ್ಣಿನ ಕಡೆಯ ತುಣುಕು ಕಣ್ಣಿಗೇ ಅಂಟಿ ಉಳಿಯಿತು. ಹಿಂದಿನ ತುದಿ ಚಿಮ್ಮಿ ಒಳಗಿನ ಕತ್ತಲಿಗೆ ಹೋಯಿತು. ಉಳಿದ ಸ್ನಾಯುಗಳು ಹೀಗಾದರೂ ಅಕ್ಕಪಕ್ಕದವಕ್ಕೆ ಅಂಟಿಕೊಂಡಿರುವುದರಿಂದ ಬಹಳ ದೂರ ಹೋಗಲಾರವಂತೆ. ಇದೊಂದಕ್ಕೆ ನೆರೆಹೊರೆ ಇಲ್ಲ. ಬಿಟ್ಟರೆ ನೆಟ್ಟಗೆ ಹಿಂದಕ್ಕೆ.

"ಹೋತು" ಎಂದಳಂತೆ ಸುನಿತಾ. ಅಷ್ಟೇ.

ಮತ್ತು ಅವಳ ಕೈ ಹೋಯಿತು. ಚಿಕ್ಕಂದಿನಿಂದ ಹರಿದ ಎಳೆಯ ಹಿಂದೆ ಹೋದ ಕೈ ಅದು. ಚಿಮಟ ಹಿಡಿದು, ಕಣ್ಣಿನ ಪಕ್ಕ ಕೊಯ್ದ ತೂತಿನ ಬಾಯಿಯ ತನಕ ಹೋದದ್ದನ್ನು ಜೋಹರಾ ಕಣ್ಣಾರೆ ನೋಡಿದಳು. ಅಲ್ಲಿ, ಗಾಳಿಯಲ್ಲಿ, ಯಾರೋ ಮಣಿಕಟ್ಟು ಹಿಡಿದ ಹಾಗೆ ನಿಂತಿತಂತೆ. ಹಿಂದಕ್ಕೆ ಬಂತು. ಚಿಮಟವನ್ನು ಟ್ರೇಯಲ್ಲಿಟ್ಟು ಸುನಿತಾ ಎರಡೂ ಕೈಯನ್ನು ಎದೆಗೆ ಹಚ್ಚಿ ನಿಂತಳು. "ಯಾರೂ ಏನೂ ಎಳೀಬ್ಯಾಡ್ರಿ" ಎಂದಳು.

ಕೈ ಹಾಕಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಕಣ್ಣಿನ ಹಿಂದೆ ತೆಳುವಾದ ಪೊರೆಯೊಳಗೆ ಕೊಬ್ಬು ಇರುತ್ತದಂತೆ. ಕುರುಡಾಗಿ ಚಿಮಟ ಆಡಿಸಿದರೆ ಆ ಪೊರೆ ಹರಿದು ಕೊಬ್ಬು ಹೊರಗೆ ಬರುತ್ತದೆ, ರಕ್ತ ತುಂಬುತ್ತದೆ, ಸ್ನಾಯು ಇನ್ನೂ ಹಿಂದಕ್ಕೆ ಸರಿಯುತ್ತದೆ. ಮುಂದೆ ಎಲ್ಲವೂ ಒಂದಕ್ಕೊಂದು ಅಂಟಿ ಕಣ್ಣು ತಿರುಗದ ಹಾಗೆ ಬಿಗಿದುಕೊಳ್ಳುತ್ತದೆ. ಮಗ್ಗದ ಮೇಲೆ ಮೆಚ್ಚುಗೆ ಗಳಿಸಿದ ಕೆಲಸವೇ ಇಲ್ಲಿ ಒಬ್ಬಾಕೆಯ ಕಣ್ಣು ಕೆಡಿಸುತ್ತಿತ್ತು. ಸಭೆಯಲ್ಲಿ ನಾನು ಚಪ್ಪಾಳೆ ಹೊಡೆಸಿದ್ದು ಇದಕ್ಕೇ ನೋಡಿ.

ಸುನಿತಾ ಅವಸರ ಮಾಡಲಿಲ್ಲ. ಹತ್ತಿ ಒತ್ತಿ ರಕ್ತ ನಿಲ್ಲುವ ತನಕ ಕಾದಳು. ಉಪ್ಪುನೀರು ಬಿಟ್ಟು ತೊಳೆದಳು. ತಲೆಯ ಮೇಲಿನ ದೀಪವನ್ನು ಸರಿಮಾಡಿಸಿಕೊಂಡಳು. ಸ್ನಾಯು ಒಂದು ತೆಳ್ಳನೆಯ ಕವಚದೊಳಗೆ ಇರುತ್ತದೆ. "ಅಂಗಿ ತೋಳಿನೊಳಗ ಕೈ ಹಿಂದಕ್ಕ ಜಗ್ಗಿಕೊಂಡಂಗ ಕಾಕಾ. ಕೈ ಕಾಣವಲ್ದು, ತೋಳು ಇಲ್ಲೇ ಐತಿ. ತೋಳಿನ ಗುಂಟ ಹೋದ್ರ ಕೈ ಸಿಗಬೇಕು" ಎಂದು ನನಗೆ ಹೇಳಿದಳು. ಹೋಗುವುದಾದರೂ ಕಣ್ಣಿನ ಗುಡ್ಡೆಯ ಬೆನ್ನಿನ ಮೇಲಲ್ಲ, ಮೂಗಿನ ಕಡೆಯ ಎಲುಬಿನ ಗುಂಟ. ಆ ಕವಚದ ಅಂಚನ್ನು ಮೆಲ್ಲಗೆ ಎತ್ತುತ್ತ, ನೋಡುತ್ತ, ಮತ್ತೆ ಎತ್ತುತ್ತ ಒಳಗೆ ಹೋದಳು.

ಬಿಳಿಚಿದ ಏನೋ ಒಂದು ಕಂಡಿತು. ಅದು ಸ್ನಾಯುವೋ, ಬರೀ ಪೊರೆಯೋ? ಆ ಇಕ್ಕಟ್ಟಿನಲ್ಲಿ ಎರಡೂ ಒಂದೇ ಬಣ್ಣ. ಪೊರೆಯನ್ನು ಸ್ನಾಯು ಎಂದು ತಿಳಿದು ಹೊಲಿದರೆ ಇವತ್ತು ಎಲ್ಲ ಸರಿ ಎನಿಸುತ್ತದೆ, ನಾಳೆ ಕಣ್ಣು ಹೊರಕ್ಕೆ ಹೋಗಿರುತ್ತದೆ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ! ಪ್ರತಿ ಸಲವೂ ನನ್ನ ಮೈಮೇಲೆ ಕೂದಲು ನಿಲ್ಲುತ್ತದೆ. ಕಣ್ಣಿನ ಸ್ನಾಯುವನ್ನು ಜಗ್ಗಿದರೆ ಎದೆಯ ಬಡಿತ ನಿಧಾನವಾಗುತ್ತದೆ. ಕಣ್ಣೆಲ್ಲಿ, ಎದೆಯೆಲ್ಲಿ! ಆದರೂ ಒಳಗೊಳಗೇ ನರದ ದಾರಿ ಇದೆ. ಪೊರೆ ಜಗ್ಗಿದರೆ ಎದೆಗೆ ಏನೂ ಅನಿಸುವುದಿಲ್ಲ. ಸ್ನಾಯು ಜಗ್ಗಿದರೆ ಸಾಮಾನ್ಯವಾಗಿ ಅದಕ್ಕೆ ತಿಳಿಯುತ್ತದೆ.

ತಲೆಯ ಕಡೆ ಕೂತಿದ್ದವರು ಮಂಪರು ಕೊಡುವ ಡಾಕ್ಟರ್ ವಿಜಯಮಹಾಂತೇಶ. ಬಡಿತ ಇಳಿಯದ ಹಾಗೆ ಮಾಡುವ ಔಷಧ ಸೂಜಿಯಲ್ಲಿ ತುಂಬಿ ಅವರ ಕೈಯಲ್ಲಿತ್ತು.

"ಕೊಡ್ಲೇನ್ರಿ?" ಎಂದು ಕೇಳಿದರು.

"ಬ್ಯಾಡ್ರಿ ಸರ್. ಕೊಟ್ರ ನನಗ ಗುರ್ತ ಹತ್ತೂದುಲ್ಲ. ಕೈಯಾಗ ಇರ್ಲಿ."

"ಭಾಳ ಇಳಿದ್ರ ನಾ ನಿಮ್ಮನ್ನ ಕೇಳೂದುಲ್ಲ, ಕೊಟ್ಟಬಿಡ್ತೇನಿ."

"ಹಂಗ ಮಾಡ್ರಿ."

ಸುನಿತಾ ಆ ಬಿಳಿಯದನ್ನು ಹಗುರಾಗಿ ಜಗ್ಗಿದಳು. ಎದೆಬಡಿತ ಎಣಿಸುವ ಮಿಷನ್ನು ಮೊದಲಿನ ಹಾಗೆಯೇ ಟಿಕ್ ಟಿಕ್ ಎನ್ನುತ್ತಿತ್ತು. "ಅಲ್ಲ" ಎಂದು ಬಿಟ್ಟಳು. ಇನ್ನಷ್ಟು ಹಿಂದೆ, ಕವಚದ ತಳದಲ್ಲಿ, ನಸುಗೆಂಪಾದ ಒಂದು ಗಂಟಿನಂಥದ್ದು. ಚಿಮಟದ ತುದಿಯಲ್ಲಿ ಹಿಡಿದಳು.

"ಸರ್, ಜಗ್ಗತೇನಿ."

ಟಿಕ್, ಟಿಕ್. ಟಿಕ್. ಆಮೇಲೆ ಒಂದು ದೊಡ್ಡ ಅಂತರ. ಟಿಕ್.

"ಇಳೀತು, ಬಿಡ್ರಿ!" ಎಂದರು ವಿಜಯಮಹಾಂತೇಶ.

ಬಿಟ್ಟಳು. ಬಡಿತ ಏರಿ ಮೊದಲಿನಂತಾಯಿತು. ನಿಂತು, ಇನ್ನೊಮ್ಮೆ ಹಗುರಾಗಿ ಜಗ್ಗಿದಳು. ಮತ್ತೆ ಇಳಿಯಿತು.

"ಸಿಕ್ತು" ಎಂದಳಂತೆ ಸುನಿತಾ. ಜೋಹರಾ ಹೇಳುವ ಪ್ರಕಾರ ವಿಜಯಮಹಾಂತೇಶ ಮಾಸ್ಕಿನೊಳಗೇ 'ಶಿವಾ' ಎಂದರು. ಅವರು ಮಾತ್ರ ಇದನ್ನು ಒಪ್ಪುವುದಿಲ್ಲ. ಸುನಿತಾ ಆ ತುದಿಗೆ ಹೊಲಿಗೆ ಹಾಕಿ, ಮುಂದಕ್ಕೆ ತಂದು, ಉಳಿದಿದ್ದ ತುಣುಕಿನ ಆಸರೆ ನೋಡಿ ಕಣ್ಣಿಗೆ ಕೂಡಿಸಿದಳು. ಹೊರಗಿನ ಸ್ನಾಯು ಬಿಗಿ ಮಾಡುವ ಕೆಲಸವನ್ನು ಅವತ್ತು ಬಿಟ್ಟುಬಿಟ್ಟಳು. ಹೊಸದಾಗಿ ಕಟ್ಟಿದ್ದು ಹಿಡಿಯುವ ಮೊದಲು ಎದುರಿನದನ್ನು ಬಿಗಿದರೆ ಜಗ್ಗಾಟದಲ್ಲಿ ಮತ್ತೆ ಹರಿಯಬಹುದು.

ಹೊರಗೆ ಬಂದಾಗ ಅವಳ ಹಣೆಯ ಮೇಲೆ ಟೋಪಿಯ ಗೆರೆ ಮೂಡಿತ್ತು. ನೆಟ್ಟಗೆ ಸೋಮಲಿಂಗನ ಹತ್ತಿರ ಬಂದಳು.

"ಮಾವಾ, ನಾ ಹೇಳಿದ್ದೆನಲ್ಲ, ಅದ ಆತು. ಸ್ನಾಯು ಹರದು ಒಳಗ ಹೋಗಿತ್ತು. ಹುಡುಕಿ ಹೊಲದೇನಿ. ಆದ್ರ ಅದು ಕೆಲಸಾ ಮಾಡತೈತೋ ಇಲ್ಲೋ ನಾಳೆ ಪಟ್ಟಿ ತಗದ ಮ್ಯಾಲೆ ಗೊತ್ತಾಗತೈತಿ. ಇನ್ನೊಮ್ಮೆ ಆಪರೇಷನ್ ಬೇಕಾದ್ರೂ ಬೇಕಾಗಬಹುದು."

ಸೋಮಲಿಂಗ ಕೈ ಮುಗಿದನೋ, ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೆ ಕೂಡಿಸಿದನೋ ಗೊತ್ತಾಗಲಿಲ್ಲ. ನಾನು ಬೆರಗಾಗಿ ನಿಂತಿದ್ದೆ. ಸೀರೆಯ ಮಡಿಕೆಯಲ್ಲಿ ಒಂದು ಎಳೆ ತಪ್ಪಿದ್ದನ್ನು ಗಿರಾಕಿ ನೋಡುವ ಮೊದಲೇ ಹೇಳಿಬಿಡುವ ಆಳು ನನ್ನ ಅಂಗಡಿಯಲ್ಲಿದ್ದರೆ ಅವನನ್ನು ಗೋದಾಮಿಗೆ ಹಾಕುತ್ತೇನೆ. ಈಕೆ, ಯಾರಿಗೂ ಕಾಣದ ಜಾಗದಲ್ಲಿ ಆದದ್ದನ್ನು ತಾನಾಗಿಯೇ ತಂದು ಹೆಂಡತಿಯ ಚಿಂತೆಯಲ್ಲಿ ಬೆವರುತ್ತಿದ್ದವನ ಮುಂದೆ ಇಟ್ಟಳು. ಅವನೂ ಸಿಟ್ಟಿಗೇಳಲಿಲ್ಲ. "ಮುಂಜಾನೆ ಎಷ್ಟೊತ್ತಿಗೆ ಪಟ್ಟಿ ತಗೀತಿ ತಂಗಿ?" ಎಂದು ಕೇಳಿದ.

ಮರುದಿನ ಮುಂಜಾನೆ ಚಂದ್ರವ್ವನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಸೋಮಲಿಂಗ ಗೋಡೆಗೆ ಮುಖ ಮಾಡಿ ನಿಂತಿದ್ದ. ತನಗೆ ನೋಡಲಾಗುವುದಿಲ್ಲ ಎಂದ. "ಕಣ್ಣು ನನ್ನದು, ಅಂಜಿಕಿ ಇವರದು" ಎಂದಳು ಚಂದ್ರವ್ವ, ಆದರೆ ಅವಳ ಬೆರಳುಗಳು ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇದ್ದವು.

ಜೋಹರಾ ಪಟ್ಟಿ ತೆಗೆದಳು. ಕಣ್ಣು ಕೆಂಪಾಗಿ ಊದಿತ್ತು. ಆದರೆ ನಡುವಿನಲ್ಲಿತ್ತು. ಮೂಗಿನ ಕಡೆಗಲ್ಲ, ಕಿವಿಯ ಕಡೆಗೂ ಅಲ್ಲ, ನಡುವೆ. ನಾನು ಖುಷಿಯಿಂದ ಏನೋ ಅನ್ನಲು ಹೋದೆ. ಸುನಿತಾ ಕೈ ಎತ್ತಿ ತಡೆದಳು. ನಡುವೆ ನಿಂತದ್ದು ಸಾಕಾಗುವುದಿಲ್ಲ, ಒಳಗೆ ತಿರುಗಬೇಕು.

ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ತೋರುಬೆರಳನ್ನು ಎದುರಿಗೆ ಹಿಡಿದಳು. "ಅಕ್ಕಾ, ನನ್ನ ಬಟ್ಟು ನೋಡು. ತಲಿ ಅಲುಗಾಡಿಸಬ್ಯಾಡ." ಬೆರಳು ಮೆಲ್ಲಗೆ ಮೂಗಿನ ಕಡೆಗೆ ಸರಿಯಿತು.

ಕಣ್ಣು ಅಲ್ಲೇ ನಿಂತಿತ್ತು.

ಬೆರಳು ಇನ್ನಷ್ಟು ಸರಿಯಿತು. ಸುನಿತಾಳ ಮುಖ ಕಲ್ಲಿನಂತಿತ್ತು. ಆಮೇಲೆ ಕಣ್ಣು ಒಮ್ಮೆ ನಡುಗಿತು. ಇಷ್ಟಿಷ್ಟೇ, ಹಸುಗೂಸು ಮೊದಲ ಸಲ ಅಂಬೆಗಾಲಿಡುವಂತೆ, ಬೆರಳಿನ ಹಿಂದೆ ಹೊರಟಿತು. ನಡುವೆ ಒಂದು ಕಡೆ ತಡೆಯಿತು, ಮತ್ತೆ ಹೊರಟಿತು. ಪೂರಾ ಮೂಗಿನ ಮೂಲೆಗೆ ಮುಟ್ಟಲಿಲ್ಲ, ಹತ್ತಿರ ಹೋಗಿ ನಿಂತಿತು. ಸುನಿತಾ ಬಲಗಣ್ಣಿನ ಮೇಲಿನ ಕೈ ತೆಗೆದು ಕೇಳಿದಳು, "ಎಷ್ಟು ಬಟ್ಟು ಕಾಣತಾವು?"

ಚಂದ್ರವ್ವ ಬೆರಳನ್ನು ದಿಟ್ಟಿಸಿದಳು. "ಒಂದ ಐತೆವಾ. ಉಗುರು ಕತ್ತರಿಸ್ಕೋ, ಬೆಳದೈತಿ."

ಸೋಮಲಿಂಗ ಗೋಡೆಯಿಂದ ತಿರುಗಿದ. ಮದುವೆಯಾದಾಗಿನಿಂದ ಮೊದಲ ಸಲ ಹೆಂಡತಿಯ ಎರಡೂ ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದದ್ದಕ್ಕೆ ಅವನು ನಾಚಿ ನೆಲ ನೋಡಿದ.

ಆಗಲೇ ಆಕೆ ಕುರ್ಚಿ ಬಿಡದೆ ಒಳಗಿನ ಕಥೆಯನ್ನೆಲ್ಲ ಹೇಳಿಸಿದ್ದು. ಎಲ್ಲ ಕೇಳಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಂದ್ರ ಯಾರಿಗೂ ಕಾಣದಾಗ ನನ್ನ ಎದಿಗೆ ಗೊತ್ತಿತ್ತು, ಅದು ಎಲ್ಲೈತಂತ" ಎಂದಳು. ಆಮೇಲೆ ಕೇಳಿದಳು:

"ಸುನೀ, ಆ ಹೊತ್ತಿನ್ಯಾಗ ನಿನ್ನ ಎದಿ ಎಷ್ಟು ಬಡೀತಿತ್ತು?"

"ನನಗ ಯಾರೂ ಮಿಷನ್ ಹಚ್ಚಿರ್ಲಿಲ್ಲಕ್ಕಾ" ಎಂದಳು ಸುನಿತಾ. ಗುಡೂರಿನಿಂದ ಕಣ್ಣು ತೋರಿಸಲು ಬಂದ ಒಂದು ಕೂಸು ಹೊರಗೆ ಅಳುತ್ತಿತ್ತು. ಕೈ ತೊಳೆದುಕೊಂಡು ಆ ಕಡೆ ನಡೆದಳು.